ಹನ್ನೊಂದನೆಯ ಜೊತೆ ಬೂಟು

ಗುರುತಿನ ಚೀಟಿ ನೋಡಿ ಠಾಣೆಯವರು ಮೇಲೆ ಬರೆದುಕೊಂಡಿರುವ ಹೆಸರಿನವಳೂ, ನಮ್ಮ ಬೀದಿಯಲ್ಲಿ ಬೂಟಮ್ಮ ಎಂದೇ ಕರೆಸಿಕೊಳ್ಳುವವಳೂ ಆದ ನಾನು, ವಯಸ್ಸು 58 ವರ್ಷ, ಉದ್ಯೋಗ 31 ವರ್ಷದಿಂದ ಬೂಟು ಚಪ್ಪಲಿ ರಿಪೇರಿ, ವಾಸ ಬೆಟ್ಟದ ಕೆಳಗಿನ ಊರಿನ ಬಸ್ ನಿಲ್ದಾಣದ ಹಿಂದೆ, ಸದ್ಯಕ್ಕೆ ಈ ಪಟ್ಟಣದ ಗಡಿಯಾರ ಕಂಬದ ಎದುರಿನ ಲಾಡ್ಜು, ಕೋಣೆ ಸಂಖ್ಯೆ 4, ಇಂದು ಸಂಜೆ 5.50ಕ್ಕೆ ಠಾಣೆಯಲ್ಲಿ ಕುಳಿತು ಬರೆಸುತ್ತಿರುವುದೇನೆಂದರೆ:

ಇಂದು ಮಧ್ಯಾಹ್ನ ನಮ್ಮ ಜೊತೆ ವ್ಯಾನಿನಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಹೋದ ಒಬ್ಬ ಹಿರಿಯರು ವಾಪಸು ಬಂದಿಲ್ಲ. ಹೋದ ತಲೆ ಹನ್ನೊಂದು, ಬಂದ ತಲೆಯೂ ಹನ್ನೊಂದು ಎಂದು ಯಾರೂ ನನ್ನ ಮಾತು ನಂಬುತ್ತಿಲ್ಲ. ಸಾಹೇಬರು ಇದನ್ನು ಬರೆದುಕೊಳ್ಳುತ್ತಿರುವುದೂ ನಾನು ಬೆಂಚು ಬಿಟ್ಟು ಏಳದ ಕಾರಣಕ್ಕೆ.

ನಾನು, ಮಗಳು, ಅಳಿಯ ನಿನ್ನೆ ಊರು ನೋಡಲು ಬಂದೆವು. ಹಳೆಯ ಕಲ್ಲಿನ ಮನೆಗಳು, ಜನ ಕಡಿಮೆ, ಸದ್ದಿಲ್ಲ. ಇಷ್ಟು ಸದ್ದಿಲ್ಲದ ಊರಿನ ಮೇಲೆ ನನಗೆ ಬಂದಾಗಿನಿಂದಲೂ ಗುಮಾನಿ. ಬೆಳಿಗ್ಗೆ 8.40ಕ್ಕೆ ಲಾಡ್ಜಿನ ಯಜಮಾನಿ ನಮ್ಮ ಗುರುತಿನ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದು ಕಂಡು ಯಾಕೆಂದು ಕೇಳಿದೆ. ಇಲಿ ಕಡಿಯದಿರಲಿ ಎಂದು ಹಾಗೆ ಇಡುವುದಾಗಿ ತಿಳಿಯಿತು. 10.15ಕ್ಕೆ ಹಳೆಯ ನ್ಯಾಯಾಲಯದ ವಸ್ತುಸಂಗ್ರಹಾಲಯದಲ್ಲಿ, ಊರಿನ ಮೊದಲ ವೈದ್ಯರದೆಂದು ಗಾಜಿನೊಳಗೆ ಇಟ್ಟಿದ್ದ ಬೂಟಿನ ತಳದ ಹೊಲಿಗೆ ಯಂತ್ರದ್ದು, ನಲವತ್ತು ವರ್ಷಕ್ಕಿಂತ ಹಳೆಯದಲ್ಲ ಎಂದೆ. ಅಲ್ಲಿನ ಮೇಲ್ವಿಚಾರಕರು ಹತ್ತು ನಿಮಿಷ ವಾದಿಸಿ, ಕೊನೆಗೆ ತಳ ಬದಲಾಯಿಸಿದ್ದು ನಿಜ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಅಳಿಯ ನಮಗೂ ತನಗೂ ಸಂಬಂಧವೇ ಇಲ್ಲದವನ ಹಾಗೆ ಹೊರಗೆ ಹೋಗಿ ನಿಂತಿದ್ದ. ಮಗಳು ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ಅಮ್ಮಾ, ನನ್ನಾಣೆ. ಇವತ್ತು ಸಂಜೆ ತನಕ ಯಾರ ಮೇಲೂ ಅನುಮಾನ ಪಡಬೇಡ. ಪಟ್ಟರೂ ಬಾಯಿ ಬಿಡಬೇಡ" ಎಂದಳು. ಆಗಲಿ ಎಂದೆ.

1.05ಕ್ಕೆ ವ್ಯಾನು ಹೊರಟಿತು. ಕಾಣೆಯಾದ ಹಿರಿಯರು ಕೊನೆಯ ಸೀಟಿನಲ್ಲಿ ಒಬ್ಬರೇ ಕುಳಿತಿದ್ದರು. ವಯಸ್ಸು 70ರ ಆಸುಪಾಸು. ಜೊತೆಗೆ ಯಾರೂ ಇರಲಿಲ್ಲ. ಮಡಿಲಲ್ಲಿ ಬಟ್ಟೆಚೀಲ. ಕಂದು ಬೂಟು, ಬಲ ಹಿಮ್ಮಡಿ ಹೊರಬದಿಗೆ ಸವೆದದ್ದು, ಮುಂಭಾಗದ ತುದಿಯ ಮೂರು ಮೊಳೆಗಳಲ್ಲಿ ನಡುವಿನದು ಇಲ್ಲ. ಅವರು ಕಾಲ ಮೇಲೆ ಕಾಲು ಹಾಕಿದ್ದರಿಂದ ಅಡ್ಡ ಸೀಟಿನಲ್ಲಿದ್ದ ನನಗೆ ಬೂಟಿನ ತಳ ಪೂರ್ತಿ ಕಾಣುತ್ತಿತ್ತು. 1.25ಕ್ಕೆ ಉದ್ಯಾನದ ಗೇಟಿನಲ್ಲಿ ಕಾವಲುಗಾರ ತಲೆ ಎಣಿಸಿ ಚೀಟಿಯಲ್ಲಿ 11 ಎಂದು ಬರೆದ. ತಿನ್ನುವ ಪದಾರ್ಥ ಒಳಗೆ ಒಯ್ಯುವ ಹಾಗಿಲ್ಲ ಎಂದು ಎಲ್ಲರ ಚೀಲದಲ್ಲೂ ಏನಿದೆ ಎಂದು ಕೇಳಿದ. ಔಷಧಿ ಮಾತ್ರ ಇದೆ ಎಂದು ಹಿರಿಯರು ಹೇಳಿದರು. ಆಮೇಲೆ ಅವರು ಪದೇ ಪದೇ ಗಡಿಯಾರ ನೋಡುವುದು, ಚೀಲಕ್ಕೆ ಕೈ ಹಾಕುವುದು, ನನ್ನನ್ನು ನೋಡಿ ಕೈ ತೆಗೆಯುವುದು, ಹೀಗೆ ಆರು ಸಲ ಮಾಡಿದರು. ಆಸಾಮಿ ಸರಿಯಿಲ್ಲ ಎಂದುಕೊಂಡೆ. ಬಾಯಿಗೆ ಆಣೆಯಿತ್ತು, ಕಣ್ಣಿಗಿರಲಿಲ್ಲ.

2.40ಕ್ಕೆ ಗೇಟಿನಿಂದ 14 ಕಿ.ಮೀ. ಒಳಗಿರುವ ಹಳೆಯ ಕಾವಲುಗೋಪುರದ ಬಳಿ ಇಳಿದೆವು. ಅವರು ಗೋಪುರದ ಎಡಕ್ಕೆ ಹೋದರು, ನಾನೂ ಹೋದೆ. ಬಲಕ್ಕೆ ಬಂದರು, ನಾನೂ ಬಂದೆ. 3.05ಕ್ಕೆ ಮಗಳು ನೋಡಿ ನನ್ನನ್ನು ಎಳೆದುಕೊಂಡು ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಹಿಂದೆ ತಿರುಗಿದರೆ ಚಿವುಟುತ್ತಿದ್ದಳು. 3.20ಕ್ಕೆ ವ್ಯಾನು ಹೊರಟಿತು.

3.45ಕ್ಕೆ ಕೆಳಗೆ ಬಿದ್ದ ನೀರಿನ ಬಾಟಲಿ ಎತ್ತಲು ಬಗ್ಗಿದಾಗ, ಸೀಟುಗಳ ಅಡಿಯಲ್ಲಿ ಕೊನೆಯ ಸೀಟಿನ ತನಕ ಕಾಣಿಸಿತು. ಅಲ್ಲಿ ಕಂದು ಬೂಟು ಇರಲಿಲ್ಲ. ಕೆಸರು ಮೆತ್ತಿದ ರಬ್ಬರ್ ಬೂಟಿತ್ತು. ಎದ್ದು ನೋಡಿದರೆ ತಲೆತುಂಬ ಕಂಬಳಿ ಹೊದ್ದು ಯಾರೋ ಮಲಗಿದ್ದರು. ಬೂಟು ಬದಲಾಯಿಸಿರಬಹುದು, ಚೀಲದಲ್ಲಿ ಇನ್ನೊಂದು ಜೊತೆ ಇದ್ದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಚೀಲದಲ್ಲಿ ರಬ್ಬರ್ ಬೂಟು ಹಿಡಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. 4.15ಕ್ಕೆ ಗೇಟಿನಲ್ಲಿ ಕಾವಲುಗಾರ ಹನ್ನೊಂದು ಎಣಿಸಿ ಅಡ್ಡಗಂಬ ಎತ್ತಿದ.

4.35ಕ್ಕೆ ಗಡಿಯಾರ ಕಂಬದ ಬಳಿ ಇಳಿಯುವಾಗ ಕಂಬಳಿ ಸರಿಯಿತು. ಒಳಗಿದ್ದವನು ಮೂವತ್ತರ ಆಳು. ಅವನು ಓಣಿಗೆ ತಿರುಗಿ ಹೋದ. ಆಗ ಕೂಗಿಕೊಂಡೆ. ಡ್ರೈವರು, "ಅಮ್ಮಾ, ಗೇಟಲ್ಲೇ ಲೆಕ್ಕ ಆಯ್ತಲ್ಲ. ಇನ್ನೇನು ಬೇಕು ನಿಮಗೆ?" ಎಂದ. ಅಳಿಯ, "ಅತ್ತೆ, ಇವತ್ತಿಗೆ ಇದು ಮೂರನೇದು" ಎಂದ. ಮಗಳ ಮುಖ ಕೆಂಪಾಗಿತ್ತು. ನಾನೊಬ್ಬಳೇ 4.50ಕ್ಕೆ ಠಾಣೆಗೆ ಬಂದೆ. ಆ ಕಂಬಳಿಯವನು ಹಿರಿಯರಿಗೆ ಏನೋ ಮಾಡಿದ್ದಾನೆ ಎಂದು ನನ್ನ ಬಲವಾದ ಅನುಮಾನ. ಹೊರಗೆ ಕತ್ತಲಾಗುತ್ತಿದೆ, ಚಳಿ ಏರುತ್ತಿದೆ. ಸಾಹೇಬರು ಕೊಟ್ಟ ಕಾಗದದಲ್ಲಿ ಬಲಗಾಲಿನ ಬೂಟಿನ ತಳವನ್ನು, ಸವೆದ ಬದಿ ಮತ್ತು ಇಲ್ಲದ ಮೊಳೆ ಸಮೇತ ಚಿತ್ರ ಬರೆದು ಕೊಟ್ಟಿದ್ದೇನೆ.

ಮುಂದುವರಿದ ಹೇಳಿಕೆ, ಮರುದಿನ ಬೆಳಿಗ್ಗೆ 9.30, ಪಟ್ಟಣದ ಆಸ್ಪತ್ರೆ:

ಕಂಬಳಿಯವನು ಓಣಿಯ ಕ್ಯಾಂಟೀನಿನಲ್ಲಿ ನಿನ್ನೆ 6.10ಕ್ಕೆ ಸಿಕ್ಕನೆಂದು ಸಾಹೇಬರು ತಿಳಿಸಿದರು. ಅವನು ಉದ್ಯಾನದ ಕಾಲುದಾರಿ ಸರಿಪಡಿಸುವ ಕೆಲಸದವನು. ದಿನಾ ಗೋಪುರದ ಬಳಿ ಹತ್ತಿ ಇದೇ ವ್ಯಾನಿನಲ್ಲಿ ಮರಳುವವನಾದ್ದರಿಂದ ಡ್ರೈವರು ಅವನನ್ನು ಗಮನಿಸುವುದಿಲ್ಲ. ಹಸಿರು ಕೋಟು ನೋಡಿ ಕಾವಲುಗಾರ ಎಣಿಕೆಗೆ ಸೇರಿಸುವುದಿಲ್ಲ. ನಿನ್ನೆ ಕೋಟು ನೆಂದಿದ್ದರಿಂದ ಬಿಚ್ಚಿ ಕಂಬಳಿ ಹೊದ್ದಿದ್ದ, ಹಾಗಾಗಿ ಹಿರಿಯರ ಬದಲು ಅವನೇ ಹನ್ನೊಂದನೆಯ ತಲೆಯಾದ. ಅವನ ಮೇಲೆ ನಾನು ಪಟ್ಟ ಅನುಮಾನ ತಪ್ಪು. ಅವನ ಕ್ಷಮೆ ಕೇಳಿದ್ದೇನೆ.

ಅರಣ್ಯದವರು ನಾನು ಬರೆದ ಬೂಟಿನ ಚಿತ್ರ ಹಿಡಿದು ಗೋಪುರದ ಸುತ್ತಲಿನ ಹೆಜ್ಜೆಗಳಲ್ಲಿ ನಡುವಿನ ಮೊಳೆ ಇಲ್ಲದ ಗುರುತನ್ನು ಹುಡುಕಿ, ಹಿಂದಿನ ಇಳಿಜಾರಿನಲ್ಲಿ 60 ಮೀಟರ್ ಕೆಳಗೆ, 7.40ಕ್ಕೆ ಹಿರಿಯರನ್ನು ಕಂಡರು. ಕಾಲಿನ ಮೂಳೆ ಮುರಿದಿತ್ತು, ಮಾತು ನಿಂತಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರು.

ಇಂದು ಬೆಳಿಗ್ಗೆ ಲಾಡ್ಜಿನ ಯಜಮಾನಿ ನನಗೆ ಹೂವು ತಂದುಕೊಟ್ಟರು. ಅಳಿಯ ಸಿಕ್ಕಸಿಕ್ಕವರಿಗೆಲ್ಲ ನಮ್ಮತ್ತೆ, ನಮ್ಮತ್ತೆ ಎನ್ನುತ್ತಿದ್ದಾನೆ. 8.45ಕ್ಕೆ ನಾನು ವಾರ್ಡಿಗೆ ಹೋದೆ. ಹಿರಿಯರು ನನ್ನನ್ನು ಕಂಡು ಗುರುತು ಹಿಡಿದರು. ತಮಗೆ ಸಕ್ಕರೆ ಕಾಯಿಲೆ ಇರುವುದಾಗಿಯೂ, ಎರಡು ಗಂಟೆಗೆ ಏನಾದರೂ ತಿನ್ನಲೇಬೇಕಿತ್ತೆಂದೂ, ಗೇಟಿನವನಿಗೆ ಹೆದರಿ ಚೀಲದಲ್ಲಿ ತಿಂಡಿ ಇರುವುದನ್ನು ಮುಚ್ಚಿಟ್ಟಿದ್ದಾಗಿಯೂ ಹೇಳಿದರು. ಆಮೇಲೆ, "ನೀವು ನೋಡ್ತಾನೇ ಇದ್ರಿ ಕಣಮ್ಮಾ. ಕಳ್ಳನನ್ನು ನೋಡೋ ಹಾಗೆ. ಎಲ್ಲಿ ಹೋದರೂ ಬಂದ್ರಿ. ನಿಮ್ಮ ಕಣ್ಣು ತಪ್ಪಿದ ಕೂಡಲೇ ಎರಡು ಮೊಟ್ಟೆ ತಿನ್ನೋಣ ಅಂತ ಆ ಕಡೆ ಇಳಿದೆ. ಅಷ್ಟರಲ್ಲಿ ತಲೆ ಸುತ್ತಿಬಿಡ್ತು" ಎಂದರು. ಬೈಯುವ ಹಾಗೆ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನರ್ಸು ತಿಂಡಿಯ ತಟ್ಟೆ ತಂದಿಟ್ಟಾಗ ಅವರು ಚಮಚ ಹಿಡಿದು ನನ್ನ ಕಡೆ ನೋಡಿದರು. ನಾನು ಎದ್ದು, ಅವರು ತಿಂದು ಮುಗಿಸುವ ತನಕ ಕಿಟಕಿಯ ಕಡೆ ತಿರುಗಿ ನಿಂತೆ. ಅವರ ಬೂಟು ಈಗ ನನ್ನ ಬಳಿ ಇದೆ, ಮೊಳೆ ಹೊಡೆದು ಮಧ್ಯಾಹ್ನ ತಲುಪಿಸುತ್ತೇನೆ.

ನಾನು ಅವರನ್ನು ಗಮನಿಸಿದ್ದರಿಂದ ಅವರು ಬದುಕಿ ಉಳಿದರು ಎಂದು ಸಾಹೇಬರು ಬರೆದುಕೊಂಡಿದ್ದಾರೆ. ನಾನು ಗಮನಿಸಿದ್ದರಿಂದಲೇ ಅವರು ಆ ಇಳಿಜಾರಿಗೆ ಹೋದರು ಎಂಬುದನ್ನೂ ಸೇರಿಸಿ ಎಂದೆ. ಅದೆಲ್ಲ ಬೇಡಮ್ಮ, ಕೇಸಿಗೆ ಸಂಬಂಧವಿಲ್ಲ ಎಂದರು. ಮಗಳೂ ಬೇಡ ಎಂದಳು. ಸೇರಿಸುವ ತನಕ ಸಹಿ ಹಾಕುವುದಿಲ್ಲ ಎಂದು ಕುಳಿತೆ. ಈಗ ಸೇರಿಸಿದ್ದಾರೆ. ಮೊದಲಿನಿಂದ ಓದಿಸಿ ಕೇಳಿದ್ದೇನೆ, ನಾನು ಹೇಳಿದ್ದು ಹೇಳಿದ ಹಾಗೆಯೇ ಇದೆ.

ಸ್ಥಳ: ಆಸ್ಪತ್ರೆಯ ಹೊರಾಂಗಣ
ದಿನಾಂಕ: 14, ಗುರುವಾರ, ಬೆಳಿಗ್ಗೆ 10.20
ಸಹಿ: (ಹಾಕಿದ್ದೇನೆ)