ಹಳೇ ಊರಿನ ಬಿಸಿಲು

ಬಾವಿ ಹತ್ರ ಬಂದಾಗ ಮೃಣಾಲಿನಿ ಗಪ್ಪನ ನಿಂತ್ಲು.

"ಪವ್ಯಾ... ಕೇಳಸ್ತೇನು?"

"ಏನಕ್ಕಾ?"

"ಗಾಲಿ..."

ಕಿರ್ರ್... ಕಿರ್ರ್... ಹಗ್ಗ ಬಿಟ್ಟಾಗ ಬಾವಿ ಗಾಲಿ ತಿರಗತೈತಲ್ರಿ, ಆ ಸಪ್ಪಳ. ಆಮ್ಯಾಲ ಕೆಳಗ, ದುಡುಂ... ಕೊಡ ನೀರಿಗೆ ಬಿದ್ದಂಗ.

ತಮ್ಮ ಪವಮಾನ ಟಾರ್ಚ್ ಬಿಟ್ಟು ನೋಡಿದ. ಬಾವಿಗೆ ಗಾಲಿ ಇದ್ದಿಲ್ಲ. ಗಾಲಿ ಕಟ್ಟೂ ಕಂಬಾನೂ ಇದ್ದಿಲ್ಲ. ಕಟ್ಟಿ ತುಂಬ ಒಣಗಿದ ರಾಡಿ, ಹೊಳಿ ಸಿಂಪಿ ಚಿಪ್ಪು. ಇಬ್ರೂ ಟೆಂಟಿನ ಕಡೆ ಹೆಜ್ಜಿ ಜೋರ ಮಾಡಿದ್ರು.

ಮೃಣಾಲಿನಿ ಜಮಖಂಡ್ಯಾಗ ನಮ್ಮ ಬಾಜೂ ಮನ್ಯಾಕಿ. ಸರಕಾರಿ ನೌಕರಿ. ಸುಮ್‌ಸುಮ್ಮನ ಏನರೆ ಹೇಳೂ ಪೈಕಿ ಅಲ್ಲ. ಆಕಿ ನನ್ನ ಮುಂದ ಕೂತು ಹೇಳಿದ್ದನ್ನ ಹೇಳಾಕತ್ತೇನಿ. ನಂದೊಂದು ಮಾತು ಕೂಡಸಿಲ್ಲ.

ಆಕಿ ತಂದಿ ಕೃಷ್ಣಾಜಿ ಮಾಸ್ತರ್ರು. ಅವ್ರ ಮೂಲ ಊರು ಬೀಳಗಿ ಕಡೆ, ಹೊಳಿ ದಂಡಿ ಮ್ಯಾಗ. ಆಲಮಟ್ಟಿ ಹಿನ್ನೀರು ಬಂದು ಊರು ಮುಳಗಿ ಹೋತು. ಆದ್ರ ಒಂದೊಂದು ಬ್ಯಾಸಗಿ ನೀರು ಭಾಳ ಹಿಂದ ಸರೀತೈತಿ ನೋಡ್ರಿ, ಆವಾಗ ಊರು ಮ್ಯಾಲ ಏಳತೈತಿ. ಗೋಡಿ ಇಲ್ಲ, ಮಾಳಗಿ ಇಲ್ಲ. ಬರೇ ಪಾಯಾ, ಗುಡಿ ಪಾವಟಿಗಿ, ಬಾವಿ.

ಆ ವರ್ಷ ಊರು ಎದ್ದಿತ್ತು. ಮಾಸ್ತರ್ರು ಹಟಾ ಹಿಡದ್ರು. "ನಮ್ಮ ಅವ್ವ ಕಣ್ಣ ಮುಚ್ಚಿದ ಜಾಗಾ ಅದು. ಒಂದ ರಾತ್ರಿ ಅಲ್ಲೇ ಮಲಗತೇನಿ."

ಮಗ ಪವಮಾನಗ ಖುಷಿ ಆತು. ಅಂವ ಮುಧೋಳದಾಗ ಬ್ಯಾಂಕಿನ್ಯಾಗ ಇದ್ದ, ಅಡವ್ಯಾಗ ಟೆಂಟ್ ಹಾಕಿ ಮಲಗೂ ಹುಚ್ಚು ಭಾಳ. ಹೊಸಾದಾಗಿ ಸೋಲಾರ ಸೆಟ್ಟೂ ತಂದಿದ್ದ. ಪುಸ್ತಕದಂಗ ಮಡಚೂ ಪ್ಲೇಟು, ಒಂದು ಕಂಟ್ರೋಲರ್ ಡಬ್ಬಿ, ಬ್ಯಾಟ್ರಿ, ಬಲ್ಬು. ಕೊಡೂ ಮುಂದ ಅಂಗಡಿ ಬಾಳೇಶ ಅಕ್ಕ ತಮ್ಮ ಇಬ್ರಿಗೂ ಹೇಳಿದ್ನಂತ: "ಬಿಚ್ಚೂ ಮುಂದ ಮದಲ ಪ್ಲೇಟ ಮುಚ್ಚರಿ. ಆಮ್ಯಾಲ ಪ್ಲೇಟಿನ ಪಿನ್ನ ತಗೀರಿ. ಬ್ಯಾಟ್ರಿ ಕಡೀಕ. ಬಿಸಿಲಾಗ ಮದಲ ಬ್ಯಾಟ್ರಿ ತಗದ್ರ, ಪ್ಲೇಟಿನ ಕರೆಂಟಿಗೆ ಹೋಗಾಕ ಜಾಗಾ ಇರೂದಿಲ್ಲ. ಸಿಟ್ಟಿಗೇಳತೈತಿ."

ಹಳೇ ಮನಿ ಅಂಗಳ ಯಾವುದಂತ ಮಾಸ್ತರ್ರು ಕಾಲಿಂದ ಗೀಟ ಹಾಕಿ ತೋರಸಿದ್ರು. "ಬ್ಯಾಸಗ್ಯಾಗ ಅವ್ವ ಇಲ್ಲೇ ಶ್ಯಾವಿಗಿ ಬಿಸಿಲಿಗೆ ಹಾಕತಿದ್ಲು," ಅಂದ್ರು. ಅಲ್ಲೇ ಪ್ಲೇಟು ಹಾಸಿದ್ರು. ಬಾಜೂಕ ಟೆಂಟು. ರಾತ್ರಿ ಊಟ ಆದ ಮ್ಯಾಲ ಥಂಡಿ ಗಾಳಿ ಬಿಡ್ತು. ಕಾರ್ ದೂರ ರಸ್ತೇಕ ನಿಂದ್ರಸಿದ್ರು. ಕೌದಿ ತರಾಕ ಅಂತ ಅಕ್ಕ ತಮ್ಮ ಹೋಗಿದ್ರು. ತಗೊಂಡು ತಿರುಗಿ ಬರೂ ಮುಂದ... ಬಾವ್ಯಾಗ ಆ ಸಪ್ಪಳ.

ಟೆಂಟಿಗೆ ಬಂದ್ರ ಮಾಸ್ತರ್ರು ಎದ್ದು ಕೂತಿದ್ರು. ಅಂಗಿ ಗುಂಡಿ ಬಿಚ್ಚಿದ್ರು. ಟವೆಲ್‌ಲೆ ಕುತಗಿ ಒರಸ್ಕೋತ ಅಂದ್ರು,

"ಏನ ಬಿಸಿಲಪ್ಪಾ ಇದು..."

ಮೃಣಾಲಿನಿ ಅವ್ರ ಹಣಿ ಮುಟ್ಟಿದ್ಲು. ಜ್ವರ ಇದ್ದಿಲ್ಲ. ಬೆವರು ಮಾತ್ರ ಸುರೀತಿತ್ತು.

"ಅಕ್ಕಾ..." ತಮ್ಮ ಪಿಸುಗುಟ್ಟಿದ. "ಇಲ್ಲಿ ನೋಡು."

ಕಂಟ್ರೋಲರ್ ಡಬ್ಬಿ ಮ್ಯಾಲ ಒಂದು ಸಣ್ಣ ಹಸರ ದೀಪ ಇರತೈತಿ. ಪ್ಲೇಟಿಗೆ ಬಿಸಿಲು ಬಿದ್ರ ಹತ್ತತೈತಿ, ಹೊತ್ತು ಮುಣಗಿದ ಕೂಡ್ಲೇ ಆರತೈತಿ.

ದೀಪ ಹತ್ತಿತ್ತು.

ಹೊರಗ ಕಗ್ಗತ್ತಲಿ. ಚಂದ್ರಾನೂ ಇದ್ದಿಲ್ಲ.

"ಡಬ್ಬಿ ಕೆಟ್ಟದ," ಅಂದ ಪವಮಾನ. "ಬಿಚ್ಚಿ ಇಟ್ಟಬಿಡ್ತೀನಿ."

"ಮದಲ ಮುಚ್ಚಬೇಕು ಅಂದಿದ್ನಲ್ಲೋ ಅಂವಾ?"

"ಇಷ್ಟ ರಾತ್ರ್ಯಾಗ ಏನ ಮುಚ್ಚೂದಕ್ಕಾ?"

ಕೈಗೆ ಸಿಕ್ಕಿದ್ದು ಬ್ಯಾಟ್ರಿ ವೈರು. ಅದನ್ನ ಎಳದ.

ಚಟ್!

ನೀಲಿ ಕಿಡಿ. ಟೆಂಟಿನ ಬಲ್ಬು ಬೆಳ್ಳಗ ಉರೀತು, ಕಣ್ಣ ಬಿಡಾಕ ಆಗಲಾರದಷ್ಟು. ಆಮ್ಯಾಲ ಟಪ್... ಒಡೀತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನಿ. ಕತ್ತಲ್ಯಾಗ ಡಬ್ಬಿ ಝುಂಯ್... ಅಂತ ಗುಂಯ್‌ಗುಡಾಕತ್ತು. ಹಸರ ದೀಪ ಹಂಗ ಇತ್ತು.

ಪವಮಾನ ಹೊರಗ ಓಡಿ ಪ್ಲೇಟಿನ ಅಂಚಿಗೆ ಕೈ ಹಚ್ಚಿದ. ತಟ್ಟನ ಕೈ ಹಿಂದಕ್ಕ ತಗೊಂಡ.

"ಸುಡ್ತದಕ್ಕಾ... ಕಾದ ಹಂಚಿನಂಗ ಸುಡ್ತದ..."

ಆವಾಗ ಆಕಿ ತಿರುಗಿ ನೋಡಿದ್ಲು. ಟೆಂಟಿನ್ಯಾಗ ಅಪ್ಪ ಇದ್ದಿಲ್ಲ.

ಟಾರ್ಚ್ ಬಿಟ್ರ, ಅಷ್ಟು ದೂರದಾಗ ಹೊಂಟಾರ. ಬರಿಗಾಲು. ಕೈ ಹಣಿಗೆ ಅಡ್ಡ ಹಿಡದಾರ, ಬಿಸಿಲು ಕಣ್ಣಿಗೆ ಹೊಡಿಯೂ ಮುಂದ ಹಿಡಿತೀವಲ್ರಿ, ಹಂಗ. ನಡ್ಯೂದೂ ಎಂಥಾದ್ದು... ಒಂದ ಕಾಲ ಊರಿ, ಒಂದ ಕಾಲ ಎತ್ತಿ, ಕಾದ ನೆಲದ ಮ್ಯಾಲ ಸಣ್ಣ ಹುಡುಗ್ರು ಕುಣಕೋತ ಹೋಗ್ತಾವಲ್ಲ, ಹಂಗ. ಥಂಡಿ ರಾತ್ರ್ಯಾಗ!

ಹೊಂಟಿದ್ದು ಬಾವಿ ಕಡೆ.

ಮೃಣಾಲಿನಿ ಓಡಿ ಹೋಗಿ ರಟ್ಟಿ ಹಿಡದ್ಲು. "ಅಪ್ಪಾ, ಎಲ್ಲಿಗೆ?"

"ಬಿಡು. ಅವ್ವ ಕರೀಲಿಕತ್ತಾಳ. ಎಲಿ ಹಾಕ್ಯಾಳ."

"ಅಪ್ಪಾ, ನಡುರಾತ್ರಿ ಅದ..."

"ಹುಚ್ಚೇನ ನೀ? ಹೊತ್ತು ನೆತ್ತಿ ಮ್ಯಾಲ ಬಂದದ."

ಕೊಸರಕೊಂಡ್ರು. ಎಪ್ಪತ್ತು ದಾಟಿದ ಮುದುಕರ ಕೈಯಲ್ಲ ಅದು ಅಂತಾಳ ಆಕಿ. ಎಳಕೊಂಡು ಹೋದ್ರು ಆಕಿನ್ನೂ. ಟಾರ್ಚ್ ಕೆಳಗ ಬಿತ್ತು. ಬಿದ್ದ ಟಾರ್ಚಿನ ಬೆಳಕಿಗೆ ಅವ್ರ ಉದ್ದನ್ನ ನೆರಳು ಮುಂದ ಚಾಚಿತ್ತು. ಅದು ಸರಿ. ಆದ್ರ... ಕಾಲ ಬುಡಕ ಇನ್ನೊಂದು ನೆರಳಿತ್ತು. ಸಣ್ಣದು. ಗುಂಡಗ. ಮಟಮಟ ಮಧ್ಯಾಹ್ನ ಬೀಳತೈತಲ್ಲ, ಅಂಥಾದ್ದು.

ಕಿರ್ರ್... ಕಿರ್ರ್...

ಬಾವಿ ಒಳಗಿಂದ ಹೆಂಗಸಿನ ದನಿ. ಮೆತ್ತಗ.

"ಕಿಟ್ಟ್ಯಾ... ಅನ್ನ ಆರತದ ಬಾರೋ..."

ಆ ದನಿ ಆಕಿಗೂ ಕೇಳಿಸಿತು. ಪವಮಾನಗೂ ಕೇಳಿಸಿತು. ಮಾಸ್ತರ್ರಿಗೆ ಕಿಟ್ಟ್ಯಾ ಅನ್ನಾವ್ರು ಈಗ ಯಾರೂ ಜೀವಂತ ಇಲ್ರಿ.

ಬಾವಿ ಕಟ್ಟಿ ಎದುರಿಗೇ ಬಂತು. ಆವಾಗ ಆಕಿ ತಲ್ಯಾಗ ಅದೆಲ್ಲಿಂದ ಹೊಳೀತೋ... ಈ ಬಿಸಿಲು ನಮಗ ಕಾಣವಲ್ತು, ಪ್ಲೇಟಿಗೆ ಕಾಣಾಕತ್ತೈತಿ, ಅಪ್ಪಗ ಕಾಣಾಕತ್ತೈತಿ ಅಂತ. ಗಂಟಲ ಹರಿಯೂಹಂಗ ಒದರಿದ್ಲು,

"ಪವ್ಯಾ! ಪ್ಲೇಟ ಮುಚ್ಚೋ! ಕೌದಿ ಹಾಕು!"

ತಮ್ಮ ಕೌದಿ ತಂದು ಪ್ಲೇಟಿನ ಮ್ಯಾಲ ಒಗದ. ಧಪ್...

ಮಾಸ್ತರ್ರು ನಿಂತ್ರು. ಹಣಿ ಮ್ಯಾಲಿನ ಕೈ ಇಳಸಿದ್ರು. ಮ್ಯಾಲ ನೋಡಿದ್ರು.

"ಮೋಡ ಬಂತು," ಅಂದ್ರು.

"ಈಗ ಪ್ಲೇಟಿನ ಪಿನ್ನ ತಗಿ!"

ಟಕ್... ಒಂದು ಪಿನ್ನು. ಟಕ್... ಇನ್ನೊಂದು.

ಝುಂಯ್ ಅನ್ನೂದು ನಿಂತಿತು. ಬಾವ್ಯಾಗ ಹಗ್ಗ ಕೈಜಾರಿದಂಗ ಸರ್ರ್ ಅಂತು. ಎಷ್ಟೋ ಹೊತ್ತಾದ ಮ್ಯಾಲ, ಭಾಳ ಆಳದಾಗ... ದುಡುಂ.

ಆಮ್ಯಾಲ ಏನೂ ಇಲ್ಲ.

ಮಾಸ್ತರ್ರ ಒಂದ ಕಾಲು ಕಟ್ಟಿ ಮ್ಯಾಲ ಇತ್ತು. ಇನ್ನೊಂದ ಕಾಲು ಎತ್ತಿದ್ರ ಬಾವ್ಯಾಗ. ಮಗಳು ಸೊಂಟಕ್ಕ ಕೈ ಹಾಕಿ ಹಿಂದಕ್ಕ ಎಳಕೊಂಡ್ಲು. ಇಬ್ರೂ ರಾಡ್ಯಾಗ ಕುಸದ್ರು. ಮಾಸ್ತರ್ರು ಸುತ್ತಲೂ ನೋಡಿದ್ರು, ಈಗ ಎಚ್ಚರಾದವ್ರಂಗ.

"ಇಷ್ಟ ಕತ್ತಲಿ ಯಾಕಾತು ಮೃಣಾ?"

"ರಾತ್ರಿ ಅದ ಅಪ್ಪಾ."

ಮಾಸ್ತರ್ರು ಬಾವಿ ಕಡೆ ತಿರುಗಿ ನೋಡಿದ್ರು. ಆಮ್ಯಾಲ ಅಳಾಕತ್ತಿದ್ರಂತ. "ಅವ್ವ ಒಬ್ಬಾಕಿನ ಕತ್ತಲ್ಯಾಗ ಉಳದ್ಲಲ್ಲ..." ಅಂತ ಇಷ್ಟ. ಕಾರ್ ಮುಟ್ಟೂತನಕ ಅದ ಮಾತು.

ಬೆಳಕ ಹರಿಯೂದ್ರೊಳಗ ಬೀಳಗಿಗೆ ಬಂದ್ರು. ಮಾಸ್ತರ್ರ ಎರಡೂ ಅಂಗಾಲಿಗೆ ಬೊಬ್ಬಿ ಎದ್ದಿದ್ವು. ಡಾಕ್ಟರ್ರು ಮುಲಾಮ ಹಚ್ಚಿ ಬೈದ್ರಂತ, "ಈ ವಯಸ್ಸಿನಾಗ ಬಿಸಿಲಾಗ ಬರಿಗಾಲಲೆ ಯಾಕ ತಿರಗ್ತೀರಿ?"

ಮಾಸ್ತರ್ರು ಆರಾಮ ಆದ್ರು. ಊರಿನ ಸುದ್ದಿ ಮಾತ್ರ ಮತ್ತ ತಗೀಲಿಲ್ಲ. ಮಗಳ ಸಂಗಾಟ ಮದಲಿನಂಗ ನಕ್ಕು ಮಾತಾಡಾಕ ಭಾಳ ದಿನಾ ಹಿಡೀತು. ಜೀವಾ ಉಳಸಿದಾಕಿ ಅಂತ ಅವ್ರಿಗೂ ಗೊತ್ತಿತ್ತು. ಕರಿಯೂ ತಾಯಿ ಮ್ಯಾಲ ಮೋಡ ಕವಸಿದಾಕೀನೂ ಆಕಿನ ಅಲ್ರಿ.

ಪವಮಾನ ಆ ಸೆಟ್ಟು ತನಗ ಬ್ಯಾಡಂದ. ಅಕ್ಕನ ಮನಿ ಅಟ್ಟದ ಮ್ಯಾಲ ಬಿದ್ದಿತ್ತು. ಮಳಿಗಾಲದಾಗ ಒಂದಿನ ಯಾರಿಗರೆ ಕೊಟ್ಟಬಿಡೂಣು ಅಂತ ಮೃಣಾಲಿನಿ ಕೆಳಗ ಇಳಸಿದ್ಲು. ನಾನೂ ಕೈ ಹಚ್ಚಿದೆ. ಅಂದಿನಿಂದ ಅದನ್ನ ಯಾರೂ ಬಿಚ್ಚಿದ್ದಿಲ್ಲ. ಮಡಕಿ ಬಿಚ್ಚಿದ್ವಿ...

ಪ್ಲೇಟಿನ ಮ್ಯಾಲ ಶ್ಯಾವಿಗಿ ಇದ್ವು. ಕೈಯಾಗ ಹೊಸೆದ ಶ್ಯಾವಿಗಿ. ಒತ್ತೊತ್ತಾಗಿ, ಒಂದಕ್ಕೊಂದು ತಾಗದಂಗ ಯಾರೋ ಹರವಿದ್ರು. ಚಂದ ಒಣಗಿದ್ವು.

ನಾನ ಒಂದ ಎಳಿ ತಗೊಂಡು ಮುರದೇನ್ರಿ, ಈ ಕೈಲೆ. ಕಟಕ್ ಅಂತು. ಸುಳ್ಳಲ್ಲ.