ತೆರೊ ಥ್ಯಾಂಕ್ಸ್ ಹೇಳದೆ ಹೋದದ್ದು

ರಾತ್ರಿ ಬಹಳ ಹೊತ್ತಾಗಿತ್ತು. ಚೌಕದಿಂದ ಸೆರ್ರೊ ಗುಡ್ಡದ ಕಡೆಯ ಬಸ್ಸು ಹಿಡಿಯಲು ಸುಲ್ಮಾ ಒಬ್ಬಳೇ ನಡೆದು ಬರುತ್ತಿದ್ದಳು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೋಟಿನ ಜೇಬಿನಲ್ಲಿ ಅಂಗಡಿಯ ಬೀಗದಕೈ ಗೊಂಚಲು. ಹೆಜ್ಜೆಗೊಮ್ಮೆ... ಝಣ್. ಝಣ್.

ಇದು ಯಾರೋ ಯಾರಿಗೋ ಹೇಳಿ ಬಂದ ಸುದ್ದಿಯಲ್ಲ. ಸುಲ್ಮಾ ನಮ್ಮ ಪಕ್ಕದಂಗಡಿಯವಳು. ಮೊಳೆ, ತಿರುಪು, ನಲ್ಲಿ ಮಾರುವ ಹೆಂಗಸು. ಇಲ್ಲದ್ದನ್ನು ಇದೆ ಅಂದು ಗಿರಾಕಿಗೆ ಒಂದು ವಾಷರನ್ನೂ ದಾಟಿಸಿದವಳಲ್ಲ.

ಅವತ್ತು ತೆರೊ ಸತ್ತ ದಿನ. ಎಡಗೈಯಲ್ಲಿ ಗಿಟಾರು ಬಾರಿಸುತ್ತಿದ್ದ ತೆರೊನ ಹಾಡು ಕೇಳದ ಮನೆ ನಮ್ಮ ಮೊಂಟೆವಿಡಿಯೊ ಊರಲ್ಲಿ ಇರಲಿಲ್ಲ. ರೇಡಿಯೋ ಬೆಳಗಿನಿಂದ ಅವನನ್ನೇ ಹಾಡಿಸಿತ್ತು. ಮಾಂಸದಂಗಡಿಯ ವಿಲ್ಮಾರ್ ಕೂಡ ಕತ್ತಿ ಕೆಳಗಿಟ್ಟು ಅತ್ತ. ಹರೆಯವನ್ನೆಲ್ಲ ಆ ಮನುಷ್ಯನ ಹಾಡಿಗೆ ಸುರಿದ ಸುಲ್ಮಾ ಮಾತ್ರ ಮೊಳೆ ತೂಗಿದಳು, ಪೈಪು ಅಳೆದಳು. ಸಂಜೆ ಚೌಕದಲ್ಲಿ ಜನ ಸೇರಿ ಹಾಡಿದಾಗ ಅವಳೂ ಹೋಗಿ ನಿಂತಳು. ಬಾಯಿ ಬಿಡಲಿಲ್ಲ. ಹಲ್ಲು ಕೀಳುವಾಗ ಮರಗಟ್ಟಿಸುತ್ತಾರಲ್ಲ... ಮೈಯೆಲ್ಲ ಹಾಗಾಗಿತ್ತು.

ಬಸ್‌ಸ್ಟಾಪಿನ ಹಿಂದೆ ಒಂದು ಒಂಬು ಮರ. ಅದರ ಬೇರು ಮಲಗಿದ ದನದ ಬೆನ್ನಿನಷ್ಟು ಎತ್ತರ. ಸುಲ್ಮಾ ತೆರೊನನ್ನು ಕಂಡದ್ದು ಅದೇ ಬೇರಿನ ಮೇಲೆ. ಆಗ ಅವಳಿಗೆ ಹತ್ತೊಂಬತ್ತು. ಹಾಡು ಮುಗಿಸಿ ಹೊರಟ ತಂಡದ ವ್ಯಾನು ಅಲ್ಲೇ ಕೆಟ್ಟು ನಿಂತಿತ್ತು. ತೆರೊ ಬಂದು ಅವಳ ಎಡಕ್ಕೆ ಕೂತ. ಅವಳು ಸೋರೆಬುರುಡೆಗೆ ಚಹಾದಂಥ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹುಯ್ದು ಕೊಟ್ಟಳು. ಅವನು ಹೀರುವ ಕೊಳವೆಯನ್ನು ಎಡಗೈಯಲ್ಲಿ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡ.

"ಕೊಳವೆ ಅಲ್ಲಾಡಿಸ್ಬೇಡ ಕಣೋ, ಸೊಪ್ಪು ಕಟ್ಕೊಳ್ಳತ್ತೆ," ಅಂದಳಂತೆ ಇವಳು.

ಅವನು ನಕ್ಕು, ಇವತ್ತಿನ ಹಾಡು ಹೇಗಿತ್ತು ಅಂತ ಕೇಳಿದ. ಕೊನೆಯದು ಉದ್ದವಾಯಿತು ಅಂದಳು. ಅದಕ್ಕೂ ನಕ್ಕ. ಅಷ್ಟರಲ್ಲಿ ವ್ಯಾನು ಹೊರಟಿತು. ಬುರುಡೆಯನ್ನು ಅವಳ ಕೈಗಿಟ್ಟು ಓಡಿದ. ಥ್ಯಾಂಕ್ಸ್ ಅನ್ನಲಿಲ್ಲ.

ನಮ್ಮಲ್ಲಿ ಮಾಟೆ ಕುಡಿಯುವಾಗ ಥ್ಯಾಂಕ್ಸ್ ಅಂದರೆ 'ಸಾಕು, ಇನ್ನು ಬೇಡ' ಅಂತ. ಅದನ್ನು ಹೇಳುವ ತನಕ ಹುಯ್ದು ಕೊಡುತ್ತಲೇ ಇರಬೇಕು.

ವಿಲ್ಮಾರನಿಗೆ ಇದು ಮೂವತ್ತು ವರ್ಷದ ತಮಾಷೆ. "ಏನಕ್ಕಾ, ನಿನ್ ತೆರೊ ಉಳಿದಿದ್ದು ಕುಡಿಯೋಕೆ ಯಾವಾಗ ಬರ್ತಾನಂತೆ?"

"ನಿನ್ ತಕ್ಕಡಿ ಸರಿಯಾಗಿ ತೂಗಿದ ದಿನ," ಅನ್ನುತ್ತಿದ್ದಳು ಸುಲ್ಮಾ.

ಆ ರಾತ್ರಿ ಬೇರಿನ ಮೇಲೆ ಕೂತಳು. ಫ್ಲಾಸ್ಕಿನ ಮುಚ್ಚಳ... ಕ್ರಿಕ್. ಮೊದಲ ಬುರುಡೆ ಯಾವಾಗಲೂ ಹುಯ್ದವರದ್ದು. ಅವಳೇ ಕುಡಿದಳು. ಎರಡನೆಯದನ್ನು ತುಂಬಿ, ಯಾಕೆ ಅಂತ ತನಗೇ ತಿಳಿಯದೆ, ಎಡಕ್ಕೆ ಚಾಚಿದಳು.

ಕೈ ಹಗುರಾಯಿತು.

ಕತ್ತಲಲ್ಲಿ ಹೀರುವ ಸದ್ದು. ನಿಧಾನ. ಕೊನೆಗೆ ತಳದ ನೀರು ಮುಗಿದಾಗ ಬರುವ ಸದ್ದು... ಸೊರ್ರ್.

ಬುರುಡೆ ವಾಪಸ್ಸು ಬಂತು. ಬಿಸಿನೀರು ಹರಿದ ಲೋಹದ ಕೊಳವೆ ತುಟಿ ಸುಡುವಷ್ಟು ಕಾದಿರಬೇಕಿತ್ತು. ಮಂಜುಗಡ್ಡೆಯ ಹಾಗಿತ್ತು. ಅವಳು ಮತ್ತೆ ತುಂಬಿದಳು. ಮತ್ತೆ... ಸೊರ್ರ್. ಫ್ಲಾಸ್ಕು ಮುಗಿಯಲಿಲ್ಲ. ಪ್ರತಿ ಸಲ ಕೈ ಚಾಚಿದಾಗಲೂ ತಣ್ಣಗಿನ ಜೋಮು ಬೆರಳಿನಿಂದ ಮೇಲೇರಿತು. ಮೊಣಕೈ. ಭುಜ. ಏಳಲು ನೋಡಿದಳು, ಕಾಲು ತನ್ನದಲ್ಲ ಅನ್ನಿಸಿತು.

"ಚೌಕದಲ್ಲಿ ಹೇಗ್ ಹಾಡಿದ್ರು?" ಪಿಸುಮಾತು.

"ಶ್ರುತಿ ತಪ್ತು," ಅಂದಳು. "ಆದ್ರೂ ಯಾರೂ ಮನೆಗ್ ಹೋಗ್ಲಿಲ್ಲ."

"ನೀನ್ ಹಾಡಿದ್ಯಾ?"

"ಇಲ್ಲ."

ಮೂಗಿನಲ್ಲಿ ನಕ್ಕ ಸದ್ದು. ಆಮೇಲೆ ಅವಳ ಮಡಿಲಿನಿಂದ ಫ್ಲಾಸ್ಕನ್ನು ಯಾರೋ ಎತ್ತಿಕೊಂಡರು. ಗುಳುಗುಳು ಅಂತ ನೀರು ಬಿತ್ತು. ತುಂಬಿದ ಬುರುಡೆ ಅವಳ ಕೈಗೆ ಬಂತು. ಈಗ ಹುಯ್ಯುವವನು ಅವನು, ಕುಡಿಯುವವಳು ಇವಳು.

ಕುಡಿದಳು. ಆ ಜೋಮು ಎದೆಗಿಳಿಯಿತು. ಹೆದರಿಕೆ ಆಗಲಿಲ್ಲ, ದುಃಖವೂ ಆಗಲಿಲ್ಲ. ಹೀಗೇ ಕೂತುಬಿಟ್ಟರೆ ಆಯಿತಲ್ಲ ಅನ್ನಿಸಿತಂತೆ, ಅಷ್ಟೇ. ದೂರದಲ್ಲಿ ಕೊನೇ ಬಸ್ಸಿನ ದೀಪ ಕಂಡಿತು. ಅದೂ ಬೇರೆ ಯಾರದೋ ಬಸ್ಸು ಅನ್ನುವ ಹಾಗೆ ನೋಡಿದಳು.

"ಇನ್ನೊಂದು?"

ಬುರುಡೆ ಹಿಂದಕ್ಕೆ ಕೊಡಲು ತಿರುಗಿದಾಗ ಜೇಬಿನಲ್ಲಿ... ಝಣ್. ಬೀಗದಕೈ. ಬೆಳಿಗ್ಗೆ ಅಂಗಡಿ ತೆಗೆಯುವ ಸರದಿ ಮಗಳು ಲೂರ್ದೆಸ್‌ದು. ಇರುವುದು ಇದೊಂದೇ ಗೊಂಚಲು. ಮುಚ್ಚಿದ ಶಟರಿನ ಮುಂದೆ ಮಗಳು ಕಾಯುತ್ತ ನಿಂತದ್ದು ಕಣ್ಣಿಗೆ ಕಟ್ಟಿತು. ಇನ್ನೂ ಕಾಯುತ್ತ... ಇನ್ನೂ.

ಮೂವತ್ತು ವರ್ಷ ಕಾದಿದ್ದವಳು ಹೇಳಿದಳು. "ಥ್ಯಾಂಕ್ಸ್."

ಫ್ಲಾಸ್ಕು ಬೇರಿನ ಮೇಲಿತ್ತು, ಕಂಕುಳಿಗೆ ಸಿಕ್ಕಿಸಿಕೊಂಡಳು. ಪಿಸ್ಸ್... ಬಸ್ಸಿನ ಬ್ರೇಕು. ಕಾಲು ಎದ್ದವು. ಹತ್ತಿದಳು. ಕಿಟಕಿಯಿಂದ ನೋಡಿದರೆ ಮರ, ಬೇರು, ಅಷ್ಟೇ. ಅರ್ಧ ದಾರಿಯಲ್ಲಿ ಹೊಳೆಯಿತು. ಥ್ಯಾಂಕ್ಸ್ ಹೇಳಿದ್ದು ತಾನು. ಅವನಲ್ಲ. ಈ ಸಲವೂ ಅವನು ಹೇಳಲಿಲ್ಲ.

ಸುಲ್ಮಾ ಇವತ್ತಿಗೂ ಅತ್ತಿಲ್ಲ. ರಾತ್ರಿ ಮಲಗುವ ಮುಂಚೆ ಬುರುಡೆಗೆ ಹೊಸ ಸೊಪ್ಪು ತುಂಬಿ, ಕೊಳವೆ ನೆಟ್ಟು, ಫ್ಲಾಸ್ಕಿಗೆ ಕತ್ತಿನ ತನಕ ಬಿಸಿನೀರು ಹಾಕಿ ಅಡುಗೆಮನೆಯ ಮೇಜಿನ ಮೇಲೆ ಇಡುತ್ತಾಳೆ. ಬೆಳಿಗ್ಗೆ ಸೊಪ್ಪು ಒದ್ದೆ. ಫ್ಲಾಸ್ಕು ಅರ್ಧ. ವಿಲ್ಮಾರ್ ಒಂದು ಬೆಳಿಗ್ಗೆ ಹೋಗಿ ನೋಡಿ ಬಂದ. ಆಮೇಲೆ ಅವನ ತಮಾಷೆ ನಿಂತಿತು.

ಫ್ಲಾಸ್ಕು ಸೋರುತ್ತಿರಬೇಕು ಅನ್ನುವವರಿಗೆ ಒಂದು ಮಾತು. ಅದು ನಮ್ಮಂಗಡಿಯ ಮಾಲು, ಸೋರುವುದಿಲ್ಲ. ಸೋರಿದರೂ ಕೊಳವೆ ತಾನಾಗಿ ತಿರುಗುವುದಿಲ್ಲ. ದಿನಾ ಬೆಳಿಗ್ಗೆ ಅದು ಎಡಕ್ಕೆ ತಿರುಗಿರುತ್ತದೆ.

ಆ ಮನೆಯಲ್ಲಿರುವುದು ತಾಯಿ, ಮಗಳು. ಇಬ್ಬರೂ ಬಲಗೈಯವರು.