ಜೋಳದ ಡ್ರಮ್ಮಿನಲ್ಲಿದ್ದ ಲ್ಯಾಪ್‌ಟಾಪ್ ಬಗ್ಗೆ ಗಾದೆಮ್ಮ ಹೇಳಿದ್ದು

ಹೆಸರು: ಗಾದೆಮ್ಮ, ಗಂಡ ದಿವಂಗತ ಹುಲುಗಣ್ಣ
ವಯಸ್ಸು: 67 ವರ್ಷ
ಕೆಲಸ: ಮನೆಗೆಲಸ, ಹಿಂದೆ ಕೂಲಿ
ವಾಸ: ಹಳೇ ಊರು ಓಣಿ, ಹಗರಿಬೊಮ್ಮನಹಳ್ಳಿ, ವಿಜಯನಗರ ಜಿಲ್ಲೆ

ಈ ದಿನ ಮಧ್ಯಾಹ್ನ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ನನ್ನ ಮಗ ಓಬಳೇಶಪ್ಪ ಕಳುವಾಗಿದೆಯೆಂದು ಬೆಳಿಗ್ಗೆ ದೂರು ಕೊಟ್ಟಿರುವ ಲ್ಯಾಪ್‌ಟಾಪ್ ಕಳುವಾಗಿಲ್ಲ. ಅದನ್ನು ಬಚ್ಚಿಟ್ಟವಳು ನಾನು. ಈಗ ಅದು ತಮ್ಮ ಮೇಜಿನ ಮೇಲಿದೆ. ಕವರಿಗೆ ಅಂಟಿರುವುದು ನಮ್ಮ ಮನೆಯ ಜೋಳದ ಧೂಳು. ಆದ್ದರಿಂದ ವಿಚಾರಣೆಗೆಂದು ಕರೆತಂದು ಹೊರಗಿನ ಬೆಂಚಿನ ಮೇಲೆ ಕೂರಿಸಿರುವ ಕ್ರಾಂತಿ, ತಂದೆ ಭೀಮರಾಜ, ವಯಸ್ಸು 19, ಈ ಹುಡುಗನನ್ನು ಮನೆಗೆ ಕಳಿಸಬೇಕು. ಸೋಮವಾರ ಅವನಿಗೆ ಲ್ಯಾಬ್ ಪರೀಕ್ಷೆ ಇದೆ. ಅವನ ಹೆಸರು ಠಾಣೆಯ ಯಾವ ಕಾಗದದಲ್ಲೂ ಕಳ್ಳನೆಂದು ಉಳಿಯಬಾರದು. ನಾನು ಬಂದಿರುವುದು ಇಷ್ಟಕ್ಕೇ. ಮೊದಲಿನಿಂದ ಹೇಳಿರಿ ಎಂದು ಸಾಹೇಬರು ಕೇಳಿದ್ದರಿಂದ ಹೇಳುತ್ತಿದ್ದೇನೆ. ನನಗೆ ಓದುಬರಹ ಬರುವುದಿಲ್ಲ. ನೆನಪು ಚೆನ್ನಾಗಿದೆ.

ನನ್ನ ಮಗ ಸರ್ಕಾರಿ ಬಸ್ಸಿನ ಕಂಡಕ್ಟರ್. ಸೊಸೆ ಗೀತಮ್ಮ ಅಂಗನವಾಡಿ ಸಹಾಯಕಿ. ಮೊಮ್ಮಗ ಮೈಲಾರೇಶ್, ವಯಸ್ಸು 18, ಹಡಗಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲನೇ ವರ್ಷ ಓದುತ್ತಿದ್ದಾನೆ. ಹೋದ ದಸರೆಯಲ್ಲಿ ನನ್ನ ಮಗ ಹೊಸಪೇಟೆಯಿಂದ ಲ್ಯಾಪ್‌ಟಾಪ್ ತಂದುಕೊಟ್ಟ. ಸೊಸೆ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದಳು. ಆವತ್ತಿನಿಂದ ದೀಪಾವಳಿ ದಾಟುವವರೆಗೂ ಹುಡುಗ ಓದಿದ್ದು ಕಡಿಮೆ, ಆಡಿದ್ದೇ ಹೆಚ್ಚು. ಬಂದೂಕು ಹಿಡಿದವರು ಓಡಾಡುವ ಆಟ. ಹೆಡ್‌ಫೋನ್ ಹಾಕಿಕೊಂಡು, 'ಹಿಂದ ಅದಾನಲೇ, ಗ್ವಾಡಿ ಹಿಂದ ಅದಾನ, ಹೊಡಿ ಹೊಡಿ' ಎಂದು ಕೂಗುತ್ತಿದ್ದ. ಮೊದಲನೇ ದಿನ ನಾನು ಒನಕೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಗೋಡೆಯ ಹಿಂದೆ ನೋಡಿ ಬಂದಿದ್ದೇನೆ. ಯಾರೂ ಇರಲಿಲ್ಲ. ಕೈಗೆ ಒಂದು ಗಡಿಯಾರ ಕಟ್ಟಿಕೊಂಡಿದ್ದ. ಅದು ಎಷ್ಟು ನಡೆದ, ಎಷ್ಟು ಮಲಗಿದ ಎಂದೆಲ್ಲ ಲೆಕ್ಕ ಹೇಳುತ್ತಿತ್ತಂತೆ. ನಿದ್ದೆ ಸಾಲದು ಎಂದು ಅದೂ ಹೇಳಿತು, ನಾನೂ ಹೇಳಿದೆ. ಇಬ್ಬರ ಮಾತನ್ನೂ ಅವನು ಕೇಳಲಿಲ್ಲ. ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸಲ ಕಾಲೇಜಿನ ಸ್ಟಾಪು ದಾಟಿ ಹೋಗಿದ್ದಾನೆ. ಕಂಡಕ್ಟರನ ಮಗ ಬಸ್ಸಿನಲ್ಲಿ ಏನು ಮಾಡಿದರೂ ಸಂಜೆಯೊಳಗೆ ಮನೆಗೆ ಗೊತ್ತಾಗುತ್ತದೆ.

ಮೊದಲನೇ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿದವು. ಅಪ್ಪ ರೇಗಾಡಿದ. ಹುಡುಗ ತಲೆತಗ್ಗಿಸಿ ನಿಂತಿದ್ದ. ಆಮೇಲೆ ಒಲೆಯ ಹತ್ತಿರ ಬಂದು ಕುಳಿತು, ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಅರ್ಧ ತಿಳಿಯುವಷ್ಟರಲ್ಲಿ ಉಳಿದರ್ಧ ಮುಗಿದಿರುತ್ತದೆ ಎಂದು ನನಗೊಬ್ಬಳಿಗೆ ಹೇಳಿದ. 'ಆಟದಾಗರ ನಾನು ಏನೋ ಒಂದು ಅದೀನಿ ಅನಿಸ್ತತಿ ಅಜ್ಜಿ' ಎಂದೂ ಹೇಳಿದ. ಪಿಯುಸಿಯಲ್ಲಿ ಇಡೀ ಓಣಿಗೆ ಹೆಚ್ಚು ಮಾರ್ಕ್ಸ್ ತೆಗೆದ ಹುಡುಗ ಅವನು. ಈ ಮಾತು ಅಪ್ಪನಿಗೆ ಹೇಳಬೇಡ ಎಂದ, ನಾನು ಹೇಳಿಲ್ಲ.

ಅದಾದ ಮೇಲೆ ಕ್ರಾಂತಿ ನಮ್ಮ ಮನೆಗೆ ಬರತೊಡಗಿದ. ಅದೇ ಕ್ಲಾಸಿನವನು. ಮನೆ ಸ್ಟೇಷನ್ ರಸ್ತೆಯ ಆ ಕಡೆ, ತಂದೆಗೆ ರೈಲ್ವೆಯಲ್ಲಿ ನೌಕರಿ. ಅವನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಬರೆಯುವುದನ್ನೆಲ್ಲ ಮೊದಲು ಪೆನ್ನಿನಲ್ಲಿ ರೆಕಾರ್ಡ್ ಬುಕ್ಕಿಗೆ ಬರೆದುಕೊಂಡು ಬಂದು, ನಮ್ಮ ಹುಡುಗನದು ಮುಗಿದ ಮೇಲೆ ಕೂತು ಟೈಪ್ ಮಾಡುತ್ತಿದ್ದ. ಅದಾದ ಮೇಲೆ ಇಬ್ಬರೂ ಒಂದಿಷ್ಟು ಹೊತ್ತು ಆಡುತ್ತಿದ್ದರು. 'ಸಾಕಲೇ, ನಾಳಿಗೂ ಇರ್ಲಿ' ಎಂದು ಕ್ರಾಂತಿಯೇ ಮುಚ್ಚುತ್ತಿದ್ದ. ನಾನು ತಿಂಗಳುಗಟ್ಟಲೆ ಬೈದರೂ ಮುಚ್ಚದಿದ್ದ ಪೆಟ್ಟಿಗೆಯನ್ನು ಆ ಹುಡುಗ ಎರಡೇ ಮಾತಿಗೆ ಮುಚ್ಚಿಸುತ್ತಿದ್ದ. ನಮ್ಮವನು ಏಳದಿದ್ದರೆ ಗಿರಣಿಗೆ ಜೋಳವನ್ನೂ ಅವನೇ ಒಯ್ಯುತ್ತಿದ್ದ.

ಯಾವುದು ಓದು ಯಾವುದು ಆಟ ಎಂದು ನನಗೆ ಪರದೆ ನೋಡಿ ತಿಳಿಯುವುದಿಲ್ಲ. ಆದ್ದರಿಂದ ನಾನು ಮೊಮ್ಮಗನ ಮುಖ ನೋಡುತ್ತಿದ್ದೆ. ಮುಖ ಬಾಡಿದ್ದರೆ ಓದುತ್ತಿದ್ದಾನೆ, ಅರಳಿದ್ದರೆ ಆಡುತ್ತಿದ್ದಾನೆ. ಈ ಲೆಕ್ಕ ಆರು ತಿಂಗಳು ಒಂದು ದಿನವೂ ತಪ್ಪಿರಲಿಲ್ಲ.

ಇದೇ ತಿಂಗಳು 11ನೇ ತಾರೀಖು ಬುಧವಾರ ಸಂಜೆ ಸುಮಾರು 7 ಗಂಟೆಗೆ ಇಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮೈಲಾರೇಶ್ ಒಮ್ಮೆಗೇ ಎದ್ದು ನಿಂತು 'ಆತಲೇ! ಆತು!' ಎಂದು ಚಪ್ಪಾಳೆ ತಟ್ಟಿ ಕ್ರಾಂತಿಯನ್ನು ತಬ್ಬಿಕೊಂಡ. ಮುಖ ಮದುಮಗನ ಹಾಗೆ ಬೆಳಗುತ್ತಿತ್ತು. ಪರೀಕ್ಷೆ ನಾಲ್ಕೈದು ದಿನವಿರುವಾಗ ಇವನು ಮತ್ತೆ ಆಟಕ್ಕೆ ಬಿದ್ದ ಎಂದು ನನಗೆ ಸಿಟ್ಟು ನೆತ್ತಿಗೇರಿತು.

12ನೇ ತಾರೀಖು ಗುರುವಾರ ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋದ. ಮಗ ಡ್ಯೂಟಿಗೆ, ಸೊಸೆ ಅಂಗನವಾಡಿಗೆ ಹೋದ ಮೇಲೆ ನಾನು ಅದನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ, ಒಳಕೋಣೆಯ ಜೋಳದ ಡ್ರಮ್ಮಿನಲ್ಲಿ ಬೇವಿನ ಸೊಪ್ಪಿನ ಕೆಳಗೆ ಹುಗಿದೆ. ಪರೀಕ್ಷೆ ಮುಗಿದ ದಿನ ತೆಗೆದುಕೊಡುವ ವಿಚಾರವಿತ್ತು. ಸಂಜೆ ಹುಡುಗ ಬಂದು ಹುಡುಕಿದ. ನೀನು ನೋಡಿದೆಯಾ ಎಂದು ಕೇಳಿದ. ನೋಡಿಲ್ಲ ಎಂದೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕದೆ ನಾನು ನಳದ ನೀರಿಗೆ ಹೋಗುವುದು ಗೊತ್ತಿದ್ದರಿಂದ, ಯಾರೋ ಒಳಗೆ ಬಂದು ಒಯ್ದಿದ್ದಾರೆ ಎಂದು ಸೊಸೆ ಹೇಳಿದಳು. ನಾನು ಹೂಂ ಎಂದೆ.

ಹುಡುಗ ಗೋಡೆಗೆ ಮುಖ ಮಾಡಿ ಅತ್ತ. ನಾನು ತಲೆ ಸವರಿ, ಆಟದ ಸಾಮಾನಿಗೆ ಯಾರಾದರೂ ಇಷ್ಟು ಅಳುತ್ತಾರೆಯೇ ಎಂದೆ. ಅದು ಆಟವಲ್ಲ ಎಂದು ಅವನು ಹೇಳಿದ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಊರಿನ ಹೆಸರು ಹಾಕಿದರೆ ನಮ್ಮ ಬಸ್‌ಸ್ಟ್ಯಾಂಡಿನಿಂದ ಅಲ್ಲಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ತೋರಿಸುವ ಪ್ರೋಗ್ರಾಂ ಅವರಿಬ್ಬರೂ ಸೇರಿ ಮಾಡಿದ್ದರಂತೆ. ಬಸ್ಸಿನ ಟೈಮುಗಳನ್ನು ಅಪ್ಪನಿಂದಲೇ ಕೇಳಿ ಬರೆದುಕೊಂಡಿದ್ದನಂತೆ. ತಿಂಗಳಿಂದ ತಪ್ಪು ತೋರಿಸುತ್ತಿದ್ದದ್ದು ಬುಧವಾರ ಸಂಜೆ ಮೊದಲನೇ ಸಲ ಸರಿಯಾಗಿ ಬಂತು. ಸೋಮವಾರ ಅದನ್ನೇ ತೋರಿಸಬೇಕಿತ್ತು. 'ನಾನು ಮಾಡಿದ್ದು ಒಂದ ಒಂದು ಸರಿ ಬಂದಿತ್ತು ಅಜ್ಜಿ, ಅದ ಹೋತು' ಎಂದ. ನಾನು ಅಲ್ಲಿಯೇ ಬಾಯಿ ಬಿಡಬೇಕಿತ್ತು. ಮಗ ಸೊಸೆಯ ಎದುರಿಗೆ ನೋಡಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದೆ. ಯಾರೂ ಇಲ್ಲದಾಗ ತೆಗೆದು ಮಂಚದ ಸಂದಿಯಲ್ಲಿಟ್ಟು, ಇಲ್ಲೇ ಬಿದ್ದಿತ್ತು ಎಂದರಾಯಿತು ಎಂದುಕೊಂಡೆ.

13ನೇ ತಾರೀಖು ಶುಕ್ರವಾರ ಹುಡುಗ ಕಾಲೇಜಿಗೆ ಹೋಗದೆ ಮನೆಯಲ್ಲೇ ಮಲಗಿದ್ದರಿಂದ ಅದನ್ನು ತೆಗೆಯಲು ಆಗಲಿಲ್ಲ. ಸಂಜೆ 4 ಗಂಟೆಗೆ ಕ್ರಾಂತಿ ಬಂದ. ಹಿಟ್ಟು ಮುಗಿದಿರುವುದನ್ನು ಕೇಳಿ, 'ಕೊಡ್ರಿ ಅಜ್ಜಿ, ಗಿರಣಿಗೆ ನಾ ಒಯ್ತೀನಿ' ಎಂದು ಯಾವಾಗಿನಂತೆ ತಾನೇ ಒಳಕೋಣೆಗೆ ಹೋದ. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಳ್ಳದೆ ಓಡಿ ಬಂದೆ. ಅವನ ಕೈ ಮೊಳಕೈವರೆಗೆ ಡ್ರಮ್ಮಿನಲ್ಲಿತ್ತು. ಒಂದು ಗಳಿಗೆ ಹಾಗೇ ನಿಂತಿದ್ದು ನನ್ನ ಮುಖ ನೋಡಿದ. ನಂತರ ಜೋಳ ತೋಡಿ ಚೀಲಕ್ಕೆ ಹಾಕಿ ಮುಚ್ಚಳ ಮುಚ್ಚಿದ. ಅವನಿಗೆ ತಿಳಿದಿಲ್ಲ ಎಂದು ನಾನು ಉಸಿರುಬಿಟ್ಟೆ.

ಗಿರಣಿಯಿಂದ ಬಂದು, ಜೋಳ ಅಳೆಯುವ ಸೇರನ್ನು ಡ್ರಮ್ಮಿನಲ್ಲಿಟ್ಟು ಬರುತ್ತೇನೆಂದು ಮತ್ತೆ ಒಳಗೆ ಹೋದ. ಬರುವುದು ಸ್ವಲ್ಪ ತಡವಾಯಿತು. ಹೊರಗೆ ಬಂದು ಮೈಲಾರೇಶನ ಪಕ್ಕ ಕುಳಿತು, 'ಅಳಬ್ಯಾಡಲೇ, ಸಿಗತೈತಿ ಬಿಡು, ಎಲ್ಲಿ ಹೋಗತೈತಿ' ಎಂದ. ಆ ಮಾತನ್ನು ಸೊಸೆಯೂ ಕೇಳಿಸಿಕೊಂಡಳು. ಅವನು ಹೊರಡುವಾಗ ಹನಿ ಬೀಳುತ್ತಿತ್ತು. ರೆಕಾರ್ಡ್ ಬುಕ್ಕನ್ನು ಅಂಗಿಯೊಳಗೆ ಸೇರಿಸಿಕೊಂಡು ಓಡಿದ. ಬರುವಾಗ ಅದಕ್ಕೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇತ್ತು. ಅದು ಎಲ್ಲಿ ಹೋಯಿತು ಎಂದು ಆಗ ನನಗೆ ಹೊಳೆಯಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಸೊಸೆ ಆ ಮಾತನ್ನು ನನ್ನ ಮಗನಿಗೆ ಹೇಳಿದಳು. ಸಿಗುತ್ತದೆ ಎಂದು ಅವನಿಗೆ ಹೇಗೆ ಗೊತ್ತು ಎಂದು ಮಗ ಕೇಳಿದ. ಅವನು ತಗೊಂಡಿಲ್ಲ, ಅವನ ಪರೀಕ್ಷೆಯ ಪ್ರೋಗ್ರಾಮೂ ಅದರಲ್ಲೇ ಇದೆ ಎಂದು ಮೈಲಾರೇಶ್ ಎರಡು ಸಲ ಹೇಳಿದ. ಮಗ ಕೇಳಲಿಲ್ಲ. ಮೊಮ್ಮಗನ ಜೊತೆ ಆಡಲು ಇನ್ನೂ ಮೂರು ಹುಡುಗರು ನಮ್ಮ ಮನೆಗೆ ಬರುತ್ತಾರೆ. ಈ ವಾರವೂ ಬಂದಿದ್ದರು. ಅವರ ಹೆಸರನ್ನು ನನ್ನ ಮಗ ದೂರಿನಲ್ಲಿ ಬರೆಸಿಲ್ಲ. ಈ ಹುಡುಗ ಯಾವ ಓಣಿಯವನು ಎಂದು ನೋಡಿ ಇವನೊಬ್ಬನ ಹೆಸರು ಬರೆಸಿದ್ದಾನೆ. ಹೆತ್ತವಳು ನಾನು, ಅವನ ಹೊಟ್ಟೆಯೊಳಗಿರುವುದು ನನಗೆ ಗೊತ್ತಿದೆ. 'ಅವ್ವಾ, ಅದೆಲ್ಲ ಯಾಕ ಬರಸ್ತಿ' ಎಂದು, ದೂರು ಕೊಟ್ಟು ಬೆಳಿಗ್ಗೆಯಿಂದ ಠಾಣೆಯಲ್ಲೇ ಇರುವ ಅವನು ಈಗ ನನ್ನ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾನೆ. ಬರೆಯಲೇಬೇಕೆಂದು ನಾನು ಸಾಹೇಬರಿಗೆ ಹೇಳಿದ್ದೇನೆ.

ಈ ದಿನ 14ನೇ ತಾರೀಖು ಶನಿವಾರ ಬೆಳಿಗ್ಗೆ 11 ಗಂಟೆಗೆ ನೆರೆಮನೆಯ ಮರುಳಸಿದ್ದಮ್ಮ ಬಂದು, ಭೀಮರಾಜನ ಮಗನನ್ನು ಠಾಣೆಗೆ ಕರೆದೊಯ್ದಿದ್ದಾರೆ ಎಂದು ಹೇಳಿದಳು. ನನಗೆ ಮೈಯಲ್ಲಿ ಹುಷಾರಿಲ್ಲದ ಕಾರಣ ಕೂಡಲೇ ಹೊರಡಲು ಆಗಲಿಲ್ಲ. 1 ಗಂಟೆಗೆ ಡ್ರಮ್ಮಿನ ಮುಚ್ಚಳ ತೆಗೆದೆ. ನಾನು ಸೀರೆಯಲ್ಲಿ ಸುತ್ತಿಟ್ಟಿದ್ದ ಲ್ಯಾಪ್‌ಟಾಪ್ ಪ್ಲಾಸ್ಟಿಕ್ ಕವರಿನೊಳಗಿತ್ತು. ಬಾಯಿಯನ್ನು ಎರಡು ಸಲ ಮಡಚಿ ರಬ್ಬರ್ ಬ್ಯಾಂಡ್ ಹಾಕಿತ್ತು. ಅದರ ಮೇಲೆ ನನ್ನ ಸೀರೆಯನ್ನು ಮೊದಲಿನಂತೆಯೇ ಸುತ್ತಿತ್ತು. ಕವರು ಕ್ರಾಂತಿಯ ರೆಕಾರ್ಡ್ ಬುಕ್ಕಿನದು, ಅವನ ಹೆಸರಿನ ಚೀಟಿ ಅದರ ಮೇಲಿದೆ, ಸಾಹೇಬರು ನೋಡಬಹುದು. ಜೋಳದ ಧೂಳು ಯಂತ್ರದೊಳಗೆ ಹೋದರೆ ಕೆಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಆ ಹುಡುಗ ಶುಕ್ರವಾರವೇ ಎಲ್ಲ ತಿಳಿದೂ ನನ್ನ ಮಾನ ಉಳಿಸಿದ್ದ.

ಮೈಲಾರೇಶ್ ನನ್ನ ಕೈಯಲ್ಲಿದ್ದದ್ದನ್ನು ನೋಡಿದವನೇ ಹೋಗಿ ಆಟೋ ಕರೆತಂದ. 1 ಗಂಟೆ 30 ನಿಮಿಷಕ್ಕೆ ಠಾಣೆಗೆ ಬಂದೆವು. ಗೇಟಿನ ಹೊರಗೆ ಭೀಮರಾಜ ನಿಂತಿದ್ದ. 'ಬಂದ್ರೇನಮ್ಮಾ' ಎಂದಷ್ಟೇ ಕೇಳಿದ. ನಾನು ಅವನ ಮುಖ ನೋಡಲಾರದೆ ಒಳಗೆ ಬಂದೆ.

ಠಾಣೆಯವರು ಹುಡುಗನಿಗೆ ಹೊಡೆದಿಲ್ಲ, ಬೈದಿಲ್ಲ, ಚಹಾ ಕೊಟ್ಟಿದ್ದಾರೆ. ಆದರೆ ಬೆಳಿಗ್ಗೆಯಿಂದ ಎಷ್ಟು ಸಲ ಕೇಳಿದರೂ ಅವನು ನನಗೆ ಗೊತ್ತಿಲ್ಲ ಎಂದೇ ಹೇಳಿದ್ದಾನೆಂದು ಸಾಹೇಬರು ತಿಳಿಸಿದರು. ಅದು ಸುಳ್ಳು. ಆ ಸುಳ್ಳನ್ನು ಅವನು ನನಗಾಗಿ ಹೇಳಿದ್ದಾನೆ, ಅದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಇಲ್ಲಿಯವರೆಗೆ ಬರೆದದ್ದನ್ನು ಸಾಹೇಬರು ನಿಧಾನವಾಗಿ ಓದಿ ಹೇಳಿದರು. ನಾನು ಹೇಳಿದ್ದೇ ಇದರಲ್ಲಿದೆ, ಯಾರೂ ಹೇಳಿಕೊಟ್ಟು ಹೇಳಿಸಿದ್ದಲ್ಲ. ಆದರೆ ಹೆಬ್ಬೆಟ್ಟು ಒತ್ತುವ ಮೊದಲು ಒಂದು ತಿದ್ದುಪಡಿ ಮಾಡಬೇಕೆಂದು ಕೇಳಿಕೊಂಡಿದ್ದೇನೆ. ಅದು ಹೀಗಿದೆ.

ಓದುವುದು ಮುಗಿಯುವಷ್ಟರಲ್ಲಿ ಕ್ರಾಂತಿಯನ್ನು ಒಳಗೆ ಕರೆದರು. ಮೇಜಿನ ಮೇಲೆ ತನ್ನ ಕವರು ನೋಡಿ ಅವನು ತಲೆತಗ್ಗಿಸಿದ. ನಾನು ಅವನ ಕೈ ಹಿಡಿದು, ಇಷ್ಟು ಹೊತ್ತು ಕಳ್ಳ ಅನ್ನಿಸಿಕೊಂಡು ಯಾಕೆ ಕುಳಿತಿದ್ದೆ, ಅಜ್ಜಿಯ ಕೆಲಸ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅದಕ್ಕೆ ಅವನು, 'ನೀವ ಬಂದು ಹೇಳ್ತೀರಿ ಅಂತ ಗೊತ್ತಿತ್ರಿ ಅಜ್ಜಿ. ಸುದ್ದಿ ಮುಟ್ಟಿದ ಕೂಡ್ಲೇ ಬರ್ತೀರಿ ಅಂತ ಬಾಗಲಾ ನೋಡ್ಕೋತ ಕುಂತಿದ್ದೆ' ಎಂದ.

ಸುದ್ದಿ ನನಗೆ 11 ಗಂಟೆಗೇ ಮುಟ್ಟಿತ್ತು. ಮೈಯಲ್ಲಿ ಹುಷಾರಿರಲಿಲ್ಲ ಎಂದು ಮೇಲೆ ಬರೆಸಿರುವುದನ್ನು ಹೊಡೆದುಹಾಕಬೇಕು. ನಾನು ಹುಷಾರಾಗಿಯೇ ಇದ್ದೆ. ಮಗನಿಗೆ ಹೆದರಿ, ಓಣಿಯವರು ಆಡಿಕೊಂಡಾರು ಎಂದು ಹೆದರಿ, ಡ್ರಮ್ಮಿನ ಪಕ್ಕ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದೆ. ಆ ಹುಡುಗ ಇಲ್ಲಿ ಬಾಗಿಲು ನೋಡುತ್ತಿದ್ದ ಅಷ್ಟೂ ಹೊತ್ತು ನಾನು ಅಲ್ಲಿ ಕುಳಿತಿದ್ದೆ ಎಂದು ಬರೆಯಬೇಕು. ಬರೆದು, ಅವನ ಎದುರಿಗೇ ಓದಿ ಹೇಳಬೇಕು. ಆಮೇಲೆ ಹೆಬ್ಬೆಟ್ಟು ಒತ್ತುತ್ತೇನೆ.

ಕೇಳಿಕೊಂಡಂತೆ ಬರೆದು, ಕ್ರಾಂತಿಯ ಎದುರಿಗೆ ಓದಿ ಹೇಳಲಾಗಿದೆ.

ಸ್ಥಳ: ಹಗರಿಬೊಮ್ಮನಹಳ್ಳಿ
ದಿನಾಂಕ: 14-06-2025

ಗಾದೆಮ್ಮ, ಎಡಗೈ ಹೆಬ್ಬೆಟ್ಟಿನ ಗುರುತು